ಅಂಗಡಿ ತೆರೆದಿರುವಾಗಲೇ ಮಾತಾಡಿ

2017ರ ಜೂನ್ ತಿಂಗಳ ಕೊನೆಯಲ್ಲಿ ದೆಹಲಿಯ ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಇದ್ದಕ್ಕಿದ್ದಂತೆ ಬಾಗಿಲು ಹಾಕಿದವು. ಒಂದೆರಡಲ್ಲ, ನಗರದಲ್ಲಿದ್ದ 55ರಲ್ಲಿ 43. ಊಟದ ಮಳಿಗೆ ನಡೆಸೋಕೆ ಬೇಕಾದ ಆರೋಗ್ಯ ಪರವಾನಗಿಗಳ ಅವಧಿ ಮುಗಿದಿತ್ತು, ನವೀಕರಣ ಆಗಿರಲಿಲ್ಲ. ಇಷ್ಟು ದೊಡ್ಡ ಕಂಪನಿಗೆ ಲೈಸೆನ್ಸ್ ರಿನ್ಯೂ ಮಾಡಿಸೋದು ಗೊತ್ತಿಲ್ಲವಾ ಅಂತ ಯಾರಿಗಾದರೂ ಅನಿಸುತ್ತೆ. ಗೊತ್ತಿತ್ತು. ಆದರೆ ಆ ಕಂಪನಿಯನ್ನು ಅರ್ಧರ್ಧ ಹಂಚಿಕೊಂಡಿದ್ದ ಇಬ್ಬರು ಪಾಲುದಾರರು ಆ ಹೊತ್ತಿಗೆ ನಾಲ್ಕು ವರ್ಷದಿಂದ ಕಾನೂನು ಕದನದಲ್ಲಿ ಮುಳುಗಿದ್ದರು.

ಅದೇ ವಾರ ಬೆಂಗಳೂರಿನ ಮೆಕ್‌ಡೊನಾಲ್ಡ್ಸ್‌ಗಳಲ್ಲಿ ಮಾಮೂಲಿನಂತೆ ಆಲೂ ಟಿಕ್ಕಿ ಬರ್ಗರ್ ಸಿಗುತ್ತಿತ್ತು. ಅದೇ ಹೆಸರು, ಅದೇ ಹಳದಿ ಕಮಾನು. ಅಲ್ಲಿ ಬೀಗ, ಇಲ್ಲಿ ಕ್ಯೂ. ಕಾರಣ ಸರಳ: ಬೋರ್ಡು ಒಂದೇ ಆದರೂ ಬೋರ್ಡಿನ ಹಿಂದಿನ ಕಂಪನಿ ಬೇರೆ. ಉತ್ತರ ಮತ್ತು ಪೂರ್ವ ಭಾರತಕ್ಕೆ ಒಂದು, ಪಶ್ಚಿಮ ಮತ್ತು ದಕ್ಷಿಣಕ್ಕೆ ಇನ್ನೊಂದು. ಎರಡೂ 1990ರ ದಶಕದ ಮಧ್ಯದಲ್ಲಿ ಒಂದೇ ರೀತಿ, ಸ್ಥಳೀಯ ಪಾಲುದಾರರ ಜೊತೆಗಿನ ಜಂಟಿ ಕಂಪನಿಯಾಗಿ ಶುರುವಾದವು. ಒಂದು ಕಡೆ ಸಂಬಂಧ ಬದಲಾಯಿಸಬೇಕು ಅನಿಸಿದಾಗ ಮಾತಾಡಿ ಬದಲಾಯಿಸಿಕೊಂಡರು. ಇನ್ನೊಂದು ಕಡೆ ಕೋರ್ಟಿಗೆ ಹೋದರು.

ಕೋರ್ಟಿಗೆ ಹೋಗುವ ಮುಂಚಿನ ಆ ಒಂದು ಮೆಟ್ಟಿಲಿನ ಇತಿಹಾಸ ನನಗೆ ತುಂಬಾ ಕುತೂಹಲದ ವಿಷಯ. 'ಮಾತಾಡಿ ಬಗೆಹರಿಸಿಕೊಳ್ಳಿ' ಅನ್ನೋದು ಯಾರು ಬೇಕಾದರೂ ಕೊಡೋ ಬುದ್ಧಿವಾದ. ಆದರೆ ಫ್ರ್ಯಾಂಚೈಸಿ ವ್ಯಾಪಾರದ ಚರಿತ್ರೆ ನೋಡಿದರೆ, ಬರೀ ಬುದ್ಧಿವಾದಕ್ಕೆ ಬಲಶಾಲಿ ಕಡೆಯವರು ಮೇಜಿನ ಮುಂದೆ ಬಂದು ಕೂತದ್ದು ಕಡಿಮೆ. ಕೂರಲೇಬೇಕು ಅಂತ ಯಾರಾದರೂ ಬರೆದಿಟ್ಟಾಗ ಕೂತಿದ್ದಾರೆ. ಅದು ಕಾನೂನು ಇರಬಹುದು, ಒಪ್ಪಂದ ಇರಬಹುದು.

ಮೊದಲು ಪದಗಳ ಗೊಂದಲ ಬಗೆಹರಿಸೋಣ. ಫ್ರ್ಯಾಂಚೈಸರ್ ಅಂದರೆ ಹೆಸರು, ಪಾಕವಿಧಾನ, ಪದ್ಧತಿ ಇವುಗಳ ಒಡೆಯ. ಫ್ರ್ಯಾಂಚೈಸಿ ಅಂದರೆ ಅವನ್ನು ಬಾಡಿಗೆಗೆ ಪಡೆದ ಹಾಗೆ ಪಡೆದು, ತನ್ನ ದುಡ್ಡು ಹಾಕಿ ಅಂಗಡಿ ಇಡುವವನು. ಎರಡು ಪದಗಳೂ ಕಿವಿಗೆ ಒಂದೇ ಥರ ಕೇಳಿಸೋದರಿಂದ ಇಲ್ಲಿ 'ಬ್ರ್ಯಾಂಡಿನವರು', 'ಅಂಗಡಿಯವರು' ಅಂತಲೇ ಕರೆಯುತ್ತೇನೆ. ಅಂಗಡಿಯವರು ಶುರುವಿಗೆ ಒಂದು ಮೊತ್ತ ಕೊಡುತ್ತಾರೆ, ಆಮೇಲೆ ಮಾರಾಟದಲ್ಲಿ ಇಷ್ಟು ಶೇಕಡಾ ಅಂತ ರಾಯಲ್ಟಿ ಕೊಡುತ್ತಾರೆ. ಬ್ರ್ಯಾಂಡಿನವರು ಹೆಸರು ಕೊಡುತ್ತಾರೆ, ತರಬೇತಿ ಕೊಡುತ್ತಾರೆ, ಹೀಗೇ ನಡೆಸಬೇಕು ಅಂತ ದಪ್ಪ ಕೈಪಿಡಿಯನ್ನೂ ಕೊಡುತ್ತಾರೆ.

ಜಗಳ ಎಲ್ಲಿ ಹುಟ್ಟುತ್ತೆ? ಲೆಕ್ಕ ನೋಡಿದರೆ ಗೊತ್ತಾಗುತ್ತೆ. ರಾಯಲ್ಟಿ ಕಟ್ಟುವುದು ಮಾರಾಟದ ಮೇಲೆ, ಲಾಭದ ಮೇಲಲ್ಲ. ಅಂಗಡಿ ನಷ್ಟದಲ್ಲಿದ್ದರೂ ಬ್ರ್ಯಾಂಡಿಗೆ ದುಡ್ಡು ಬರುತ್ತೆ. ಹಾಗಾಗಿ ಡಿಸ್ಕೌಂಟ್ ಕೊಟ್ಟು ಮಾರಾಟ ಏರಿಸಿ ಅಂತ ಬ್ರ್ಯಾಂಡಿನವರು ಹೇಳಿದರೆ, ಅಂಗಡಿಯವರಿಗೆ ಅದು ಹೊಟ್ಟೆಗೆ ಹೊಡೆತ. ಪಕ್ಕದ ರಸ್ತೆಯಲ್ಲೇ ಅದೇ ಬ್ರ್ಯಾಂಡಿನ ಇನ್ನೊಂದು ಅಂಗಡಿ ಬಂದರೆ ಬ್ರ್ಯಾಂಡಿಗೆ ಒಟ್ಟು ಮಾರಾಟ ಹೆಚ್ಚು, ಅಂಗಡಿಯವರಿಗೆ ಗಿರಾಕಿ ಕಡಿಮೆ. ಸಾಮಾನು ನಾವು ಹೇಳಿದ ಕಡೆಯಿಂದಲೇ ತರಬೇಕು, ಇಷ್ಟು ವರ್ಷಕ್ಕೊಮ್ಮೆ ಒಳಾಂಗಣ ಹೊಸದು ಮಾಡಿಸಬೇಕು, ಜಾಹೀರಾತು ನಿಧಿಗೆ ದುಡ್ಡು ಹಾಕಬೇಕು, ಬಿಟ್ಟುಹೋದ ಮೇಲೆ ಇದೇ ವ್ಯಾಪಾರ ಮಾಡಬಾರದು. ಇವೆಲ್ಲ ಒಪ್ಪಂದದಲ್ಲಿ ಮೊದಲೇ ಇರುತ್ತವೆ. ಸಹಿ ಹಾಕುವ ದಿನ ಎಲ್ಲರೂ ಸಿಹಿ ತಿನ್ನುವುದರಲ್ಲಿ ಇರುತ್ತಾರೆ.

ಇನ್ನೂ ಒಂದು ತೊಡಕು ಇದೆ. ಸಾಮಾನ್ಯ ವ್ಯಾಪಾರದ ಜಗಳದಲ್ಲಿ ದುಡ್ಡು ವಸೂಲಾದರೆ ಸಂಬಂಧ ಮುಗೀತು. ಫ್ರ್ಯಾಂಚೈಸಿಯಲ್ಲಿ ಕೇಸು ನಡೆಯುತ್ತಿರುವ ದಿನವೂ ಬೆಳಿಗ್ಗೆ ಅಂಗಡಿ ತೆರೆಯಬೇಕು. ಅವರದ್ದೇ ಬೋರ್ಡು, ಅವರದ್ದೇ ಸಾಮಾನು, ಅವರದ್ದೇ ಸಾಫ್ಟ್‌ವೇರು. ಒಂದೇ ಮನೆಯಲ್ಲಿ ಇದ್ದುಕೊಂಡು ಡಿವೋರ್ಸ್ ಕೇಸು ನಡೆಸಿದ ಹಾಗೆ. ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಗಾದೆ ಈ ವ್ಯಾಪಾರಕ್ಕೇ ಹೇಳಿ ಮಾಡಿಸಿದಂತಿದೆ. ಇಲ್ಲಿ ಕೂಸು ಅಂದರೆ ಅಂಗಡಿ, ಮತ್ತೆ ಅದರಲ್ಲಿ ಸಮವಸ್ತ್ರ ಹಾಕಿ ನಿಂತಿರುವ ಹುಡುಗ ಹುಡುಗಿಯರು.

ದೆಹಲಿಯ ಕಥೆಯನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡದಾಗಿ ಸುದ್ದಿಯಾದ ಫ್ರ್ಯಾಂಚೈಸಿ ಜಗಳ ಇನ್ನೊಂದು ನನಗೆ ಕಾಣಿಸುವುದಿಲ್ಲ. ಉದ್ಯಮಿ ವಿಕ್ರಮ್ ಬಕ್ಷಿ ಮತ್ತು ಮೆಕ್‌ಡೊನಾಲ್ಡ್ಸ್ ಸೇರಿ 1995ರಲ್ಲಿ ಕನಾಟ್ ಪ್ಲಾಜಾ ರೆಸ್ಟೊರೆಂಟ್ಸ್ ಅನ್ನುವ ಕಂಪನಿ ಮಾಡಿದರು. ಅರ್ಧರ್ಧ ಪಾಲು. ಬಕ್ಷಿ ಮ್ಯಾನೇಜಿಂಗ್ ಡೈರೆಕ್ಟರ್. 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಭಾರತದ ಮೊದಲ ಮೆಕ್‌ಡೊನಾಲ್ಡ್ಸ್ ತೆರೆಯಿತು. ದನದ ಮಾಂಸ ಇಲ್ಲದ ಮೆನು, ಸಸ್ಯಾಹಾರಕ್ಕೆ ಬೇರೆಯದೇ ಅಡುಗೆ ಜಾಗ, ಇವೆಲ್ಲ ಆ ಕಾಲಕ್ಕೆ ಪ್ರಪಂಚದ ಸುದ್ದಿ. ಅಲ್ಲಿಂದ ಸುಮಾರು ಒಂದೂವರೆ ದಶಕ ಕಂಪನಿ ಬೆಳೆಯಿತು.

2013ರ ಆಗಸ್ಟ್‌ನಲ್ಲಿ ಬಕ್ಷಿಯವರನ್ನು ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ಮುಂದುವರಿಸಲಿಲ್ಲ. ಅವರು ಕಂಪನಿ ಲಾ ಬೋರ್ಡಿಗೆ ಹೋದರು. ಇತ್ತ ಮೆಕ್‌ಡೊನಾಲ್ಡ್ಸ್, ಒಪ್ಪಂದದ ಪ್ರಕಾರ ನಿಮ್ಮ ಪಾಲನ್ನು ಕೊಳ್ಳುವ ಹಕ್ಕು ನಮಗಿದೆ ಅಂತ ಹೇಳಿ ಲಂಡನ್ನಿನ ಆರ್ಬಿಟ್ರೇಷನ್ ಕೋರ್ಟಿಗೆ ಹೋಯಿತು. ಲಂಡನ್ನಿನ ವಿಚಾರಣೆ ನಡೆಯಬಹುದೋ ಇಲ್ಲವೋ ಅನ್ನೋದೇ ದೆಹಲಿ ಹೈಕೋರ್ಟಿನಲ್ಲಿ ಬೇರೊಂದು ಕೇಸಾಯಿತು. 2014ರಲ್ಲಿ ಅದಕ್ಕೆ ತಡೆ, 2016ರಲ್ಲಿ ಆ ತಡೆ ತೆರವು. ಗಮನಿಸಿ, ಅಷ್ಟೊತ್ತಿಗೆ ಮೂರು ವರ್ಷ ಕಳೆದಿದೆ. ಚರ್ಚೆ ಇನ್ನೂ ಜಗಳದ ಬಗ್ಗೆ ಅಲ್ಲ, ಜಗಳ ಎಲ್ಲಿ ನಡೆಯಬೇಕು ಅನ್ನೋದರ ಬಗ್ಗೆ.

2017 ಬಂತು. ಜೂನ್‌ನಲ್ಲಿ ದೆಹಲಿಯ ಮಳಿಗೆಗಳು ಬಂದ್. ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಬಕ್ಷಿಯವರನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. ಬಕ್ಷಿ ಗೆದ್ದರು. ಆಗಸ್ಟ್‌ನಲ್ಲಿ ಮೆಕ್‌ಡೊನಾಲ್ಡ್ಸ್, ರಾಯಲ್ಟಿ ಬಾಕಿಯೂ ಸೇರಿದಂತೆ ಒಪ್ಪಂದ ಮುರಿದಿದ್ದೀರಿ ಅಂತ ಆರೋಪಿಸಿ 169 ಮಳಿಗೆಗಳ ಫ್ರ್ಯಾಂಚೈಸಿಯನ್ನೇ ರದ್ದು ಮಾಡಿತು. ಕುರ್ಚಿ ಸಿಕ್ಕಿತು, ಬೋರ್ಡು ಹೋಯಿತು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ತೀರ್ಪು ಬಂತು: ಬಕ್ಷಿ ತಮ್ಮ ಪಾಲನ್ನು ನ್ಯಾಯವಾದ ಬೆಲೆಗೆ ಮೆಕ್‌ಡೊನಾಲ್ಡ್ಸ್‌ಗೆ ಮಾರಬೇಕು. ಈಗ ಮೆಕ್‌ಡೊನಾಲ್ಡ್ಸ್ ಗೆದ್ದಿತು. ಡಿಸೆಂಬರ್‌ನಲ್ಲಿ ಸಾಮಾನು ಪೂರೈಸುತ್ತಿದ್ದ ಕಂಪನಿ ಸರಬರಾಜು ನಿಲ್ಲಿಸಿದ್ದರಿಂದ ಉತ್ತರ ಮತ್ತು ಪೂರ್ವದಲ್ಲಿ ಹತ್ತಾರು ಮಳಿಗೆಗಳು ಮುಚ್ಚಿದವು. ಕೆಲಸ ಮಾಡುತ್ತಿದ್ದವರಿಗೆ ಇದರಲ್ಲಿ ಯಾರು ಗೆದ್ದರು ಅನ್ನೋದು ಮುಖ್ಯ ಆಗಿರಲಿಲ್ಲ.

ಕೊನೆಗೆ 2019ರ ಮೇ ತಿಂಗಳಲ್ಲಿ ಇಬ್ಬರೂ ಕೋರ್ಟಿನ ಹೊರಗೆ ರಾಜಿ ಮಾಡಿಕೊಂಡರು. ಮೆಕ್‌ಡೊನಾಲ್ಡ್ಸ್ ಬಕ್ಷಿಯವರ ಪಾಲನ್ನು ಕೊಂಡುಕೊಂಡಿತು. ಕೈ ಬದಲಾವಣೆಗೆ ಅಂತ ಮಳಿಗೆಗಳು ಕೆಲವು ದಿನ ಮುಚ್ಚಿ ಮತ್ತೆ ತೆರೆದವು. ಮರುವರ್ಷ ಹೊಸ ಪಾಲುದಾರರು ಬಂದರು. ಸುಮಾರು ಆರು ವರ್ಷ, ಎರಡು ದೇಶ, ನಾಲ್ಕೈದು ವೇದಿಕೆ. ಮುಕ್ತಾಯ ಮಾತ್ರ ಒಬ್ಬರು ಪಾಲು ಮಾರೋದು, ಇನ್ನೊಬ್ಬರು ಕೊಳ್ಳೋದು. 2013ರಲ್ಲೂ ಮೇಜಿನ ಮೇಲೆ ಇದ್ದದ್ದು ಅದೇ ಪ್ರಶ್ನೆ, ಬೆಲೆ ಎಷ್ಟು ಅನ್ನೋದು.

ಕೋರ್ಟು ತಪ್ಪು ಮಾಡಿತು ಅಂತ ನಾನು ಹೇಳುತ್ತಿಲ್ಲ. ಒಂದೊಂದು ವೇದಿಕೆಯೂ ತನ್ನ ಮುಂದೆ ಬಂದ ಪ್ರಶ್ನೆಗೆ ಉತ್ತರ ಕೊಟ್ಟಿತು. ಈ ನಿರ್ದೇಶಕನನ್ನು ತೆಗೆದದ್ದು ಸರಿಯಾ? ಈ ಷರತ್ತಿನ ಪ್ರಕಾರ ಪಾಲು ಕೊಳ್ಳಬಹುದಾ? ಆದರೆ 'ಈ ಇಬ್ಬರೂ ಇನ್ನು ಒಟ್ಟಿಗೆ ಅಂಗಡಿ ನಡೆಸೋಕೆ ಸಾಧ್ಯವಾ, ಇಲ್ಲದಿದ್ದರೆ ಮರ್ಯಾದೆಯಿಂದ ಬೇರೆಯಾಗೋದು ಹೇಗೆ' ಅನ್ನೋ ಪ್ರಶ್ನೆಯನ್ನು ಕೋರ್ಟಿಗೆ ಯಾರೂ ಕೇಳುವುದಿಲ್ಲ. ಕೇಳಿದರೂ ಕೋರ್ಟಿನ ಬಳಿ ಅದಕ್ಕೆ ಸಲಕರಣೆ ಕಡಿಮೆ. ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಳ್ಳಿಗಳಲ್ಲಿ ಹೇಳೋದು ಇದನ್ನೇ.

ಹಾಗಾದರೆ ಕೋರ್ಟಿಗೆ ಮುಂಚಿನ ಮೆಟ್ಟಿಲು ಎಲ್ಲಿಂದ ಬಂತು? ಇದಕ್ಕೆ ಅಮೆರಿಕಕ್ಕೆ ಹೋಗಬೇಕು. ತಮಾಷೆ ಅಂದರೆ ಅಲ್ಲಿ ಮೊದಲ ಹೋರಾಟ ನಡೆದದ್ದು ಕೋರ್ಟನ್ನು ತಪ್ಪಿಸೋಕೆ ಅಲ್ಲ, ಕೋರ್ಟಿನ ಬಾಗಿಲು ತೆರೆಸೋಕೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಾರು ಕಂಪನಿಗಳು ಊರೂರಲ್ಲಿ ಡೀಲರ್‌ಗಳ ಮೂಲಕ ಕಾರು ಮಾರುತ್ತಿದ್ದವು. ಶೋರೂಮಿನ ದುಡ್ಡು ಡೀಲರ್‌ನದು, ಹೆಸರು ಕಂಪನಿಯದು. ಒಪ್ಪಂದವನ್ನು ಕಂಪನಿ ತನಗೆ ಬೇಕಾದಾಗ ಮುಗಿಸಬಹುದಿತ್ತು. ಬೇಡದ ಮಾಡೆಲ್, ಬೇಡದ ಬಿಡಿಭಾಗಗಳನ್ನು ಡೀಲರ್‌ನ ಅಂಗಳಕ್ಕೆ ತಂದು ಸುರಿದರೂ ಬೇಡ ಅನ್ನೋ ಹಾಗಿರಲಿಲ್ಲ, ಅಂದರೆ ಡೀಲರ್‌ಶಿಪ್ಪೇ ಹೋಗಬಹುದು. ಕೋರ್ಟಿಗೆ ಹೋದರೆ ನ್ಯಾಯಾಧೀಶರು ಒಪ್ಪಂದ ತೆರೆದು, ನೀವೇ ಸಹಿ ಹಾಕಿದ್ದೀರಲ್ಲಪ್ಪ ಅನ್ನುತ್ತಿದ್ದರು. ಡೀಲರ್‌ಗಳು ಊರಿನ ಪ್ರಭಾವಿಗಳು. ಅವರ ಕೂಗು ಸಂಸತ್ತಿಗೆ ಮುಟ್ಟಿತು. 1956ರಲ್ಲಿ ಒಂದು ಕಾನೂನು ಬಂತು. ಕಾರು ಡೀಲರ್‌ಗಳಿಗೆ 'ಕೋರ್ಟಿನಲ್ಲಿ ಒಂದು ದಿನ' ಕೊಡುವ ಕಾನೂನು ಅಂತಲೇ ಅದರ ಹೆಸರು. ಕಂಪನಿ ಸದ್ಭಾವನೆಯಿಂದ ನಡೆದುಕೊಳ್ಳದಿದ್ದರೆ ಡೀಲರ್ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಬಹುದು.

ಬಾಗಿಲು ತೆರೆಯಿತು. ಆದರೆ ಒಳಗೆ ಹೋದವರಿಗೆ ಹೆಚ್ಚೇನೂ ಸಿಗಲಿಲ್ಲ. ಸದ್ಭಾವನೆ ಇಲ್ಲ ಅಂದರೆ ಬಲವಂತ ಮಾಡಿರಬೇಕು, ಬೆದರಿಸಿರಬೇಕು ಅಂತ ಕೋರ್ಟುಗಳು ಆ ಪದವನ್ನು ತುಂಬಾ ಇಕ್ಕಟ್ಟಾಗಿ ಓದಿದವು. ಬೆದರಿಕೆಯನ್ನು ಯಾರೂ ಲೆಟರ್‌ಹೆಡ್ಡಿನ ಮೇಲೆ ಬರೆದು ಕಳಿಸುವುದಿಲ್ಲವಲ್ಲ.

ಆಮೇಲೆ ಬಂದದ್ದು ಬರ್ಗರ್, ಮೋಟೆಲ್, ಡೋನಟ್‌ಗಳ ಯುಗ. 1955ರಲ್ಲಿ ರೇ ಕ್ರಾಕ್ ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದಿದ್ದ. ಮುಂದಿನ ಹದಿನೈದು ವರ್ಷದಲ್ಲಿ ಫ್ರ್ಯಾಂಚೈಸಿ ಅನ್ನೋದು ಅಮೆರಿಕದ ಮಧ್ಯಮವರ್ಗದ ಕನಸಾಯಿತು. ಕನಸಿನ ಜೊತೆ ಮೋಸವೂ ಬಂತು. 1970ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ದುಡ್ಡು ಹಾಕುವವನಿಗೆ ಮೊದಲೇ ಪೂರ್ತಿ ಮಾಹಿತಿ ಕೊಡಬೇಕು ಅಂದಿತು. 1979ರಿಂದ ಇಡೀ ದೇಶಕ್ಕೆ ಅಂಥದೇ ನಿಯಮ ಜಾರಿಗೆ ಬಂತು.

ಬ್ರ್ಯಾಂಡಿನವರು ಸುಮ್ಮನಿರುತ್ತಾರಾ? ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿದರು: ಜಗಳ ಆದರೆ ಕೋರ್ಟಲ್ಲ, ಆರ್ಬಿಟ್ರೇಷನ್. ಸೆವೆನ್-ಇಲೆವೆನ್ ಅಂಗಡಿ ನಡೆಸುತ್ತಿದ್ದ ಕ್ಯಾಲಿಫೋರ್ನಿಯಾದವರು ಇದನ್ನು ಪ್ರಶ್ನಿಸಿದರು. ನಮ್ಮ ರಾಜ್ಯದ ಕಾನೂನು ನಮಗೆ ಕೋರ್ಟಿನ ಹಕ್ಕು ಕೊಟ್ಟಿದೆ ಅಂತ ವಾದಿಸಿದರು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಲ್ಲ, ಸಹಿ ಹಾಕಿದ ಮೇಲೆ ಆರ್ಬಿಟ್ರೇಷನ್‌ಗೇ ಹೋಗಬೇಕು ಅಂದಿತು. 1956ರಲ್ಲಿ ಕಾನೂನು ತೆರೆದದ್ದು ಕಾರು ಡೀಲರ್‌ಗಳ ಬಾಗಿಲು. ಉಳಿದ ಅಂಗಡಿಯವರ ಬಾಗಿಲನ್ನು ಒಪ್ಪಂದದ ಒಂದು ಸಾಲು ಮುಚ್ಚಬಹುದು ಅಂತ 1984ರಲ್ಲಿ ಗೊತ್ತಾಯಿತು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಆರ್ಬಿಟ್ರೇಷನ್ ಬೇರೆ, ಮೀಡಿಯೇಷನ್ ಬೇರೆ. ಆರ್ಬಿಟ್ರೇಷನ್ ಅಂದರೆ ಖಾಸಗಿ ಕೋರ್ಟು; ಕೂತವರು ತೀರ್ಪು ಕೊಡುತ್ತಾರೆ, ನೀವು ಪಾಲಿಸಬೇಕು. ಒಂದು ಲೆಕ್ಕಕ್ಕೆ ಅರಳಿಕಟ್ಟೆ ಪಂಚಾಯ್ತಿಯೂ ಹಾಗೇ, ಗೌಡರು ಹೇಳಿದ್ದೇ ಕೊನೆ. ಮೀಡಿಯೇಷನ್‌ನಲ್ಲಿ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಬೇರೆ ಬೇರೆಯಾಗಿ ಕರೆದು ಮಾತಾಡಿಸುತ್ತಾರೆ, ನಿಮಗೆ ನಿಜವಾಗಿ ಬೇಕಾಗಿರೋದು ಏನು ಅಂತ ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಬಳಸುವ ಹಾಗಿಲ್ಲ. ಒಪ್ಪಿಗೆ ಆದರೆ ಆಯಿತು, ಆಗದಿದ್ದರೆ ಎದ್ದು ಹೋಗಬಹುದು. ಪಕ್ಕದ ರಸ್ತೆಯ ಹೊಸ ಅಂಗಡಿಯಿಂದ ನಿಮ್ಮ ವ್ಯಾಪಾರ ಬಿದ್ದಿದೆಯಾ, ಎರಡು ವರ್ಷ ರಾಯಲ್ಟಿ ಕಡಿಮೆ ಮಾಡೋಣವಾ, ಅಥವಾ ಆ ಅಂಗಡಿಯನ್ನೂ ನೀವೇ ನಡೆಸುತ್ತೀರಾ? ಇಂಥ ಪರಿಹಾರವನ್ನು ತೀರ್ಪಿನಲ್ಲಿ ಬರೆಯೋಕೆ ಆಗುವುದಿಲ್ಲ. ಒಪ್ಪಂದದಲ್ಲಿ ಬರೆಯಬಹುದು.

1993ರಲ್ಲಿ ಅಮೆರಿಕದ ಕೆಲವು ದೊಡ್ಡ ಬ್ರ್ಯಾಂಡುಗಳು ಸೇರಿ ರಾಷ್ಟ್ರೀಯ ಫ್ರ್ಯಾಂಚೈಸಿ ಮೀಡಿಯೇಷನ್ ಕಾರ್ಯಕ್ರಮ ಶುರು ಮಾಡಿದವು. ಅಂಗಡಿಯವರ ಜೊತೆ ಜಗಳ ಬಂದರೆ ಮೊದಲು ಮಾತುಕತೆ, ಆಮೇಲೆ ಮೀಡಿಯೇಷನ್, ಕೊನೆಗೆ ಮಾತ್ರ ಕೋರ್ಟು ಅನ್ನುವ ಬದ್ಧತೆ. ಇದು ಬರೀ ಧರ್ಮಬುದ್ಧಿಯಿಂದ ಬಂದದ್ದಲ್ಲ ಅಂತ ನನ್ನ ಊಹೆ. ವಕೀಲರ ಬಿಲ್ಲು ಇಬ್ಬರಿಗೂ ಭಾರ. ಮೇಲಾಗಿ ಅಂಗಡಿಯವರ ಜೊತೆ ಕೋರ್ಟಿನಲ್ಲಿರುವ ಬ್ರ್ಯಾಂಡು ಹೊಸ ಅಂಗಡಿಯವರನ್ನು ಸೆಳೆಯೋದು ಕಷ್ಟ, ಯಾಕೆಂದರೆ ಮಾಹಿತಿ ಪತ್ರದಲ್ಲಿ ಕೇಸುಗಳ ವಿವರವನ್ನೂ ಬರೆಯಬೇಕು. ಸ್ವಂತ ಲಾಭಕ್ಕೆ ಮಾಡಿದರೂ ಒಳ್ಳೆಯ ಕೆಲಸವೇ. ಆದರೆ ಇದು ಮನಸ್ಸಿದ್ದವರಿಗೆ ಮಾತ್ರ. ಸೇರದ ಬ್ರ್ಯಾಂಡಿನ ಅಂಗಡಿಯವರಿಗೆ ಇದರಿಂದ ಏನೂ ಇಲ್ಲ.

'ಮನಸ್ಸಿದ್ದವರಿಗೆ ಮಾತ್ರ' ಅನ್ನೋದನ್ನು ಪ್ರಯೋಗ ಮಾಡಿ, ಕೈ ಸುಟ್ಟುಕೊಂಡು, ಆಮೇಲೆ ಕಡ್ಡಾಯ ಮಾಡಿದ ದೇಶ ಆಸ್ಟ್ರೇಲಿಯಾ. ಅಲ್ಲಿ 1993ರಲ್ಲಿ ಸ್ವಯಂಪ್ರೇರಿತ ನೀತಿಸಂಹಿತೆ ಬಂತು. ಬೇಕಾದವರು ಸೇರಿದರು, ಬೇಡದವರು ಹೊರಗೆ ಉಳಿದರು. ಹೊರಗೆ ಉಳಿದವರನ್ನು ಕೇಳುವವರಿರಲಿಲ್ಲ. 1997ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ಸಣ್ಣ ವ್ಯಾಪಾರಿಗಳ ಪಾಡನ್ನು ವಿಚಾರಿಸಿ ವರದಿ ಕೊಟ್ಟಿತು. 1998ರ ಜುಲೈ 1ರಿಂದ ಫ್ರ್ಯಾಂಚೈಸಿ ಸಂಹಿತೆ ಇಡೀ ದೇಶಕ್ಕೆ ಕಡ್ಡಾಯ ಕಾನೂನಾಯಿತು.

ಅದರಲ್ಲಿನ ಜಗಳ ಬಗೆಹರಿಸುವ ಭಾಗ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಅಷ್ಟು ಸರಳ. ದೂರು ಇರುವವರು ಇನ್ನೊಬ್ಬರಿಗೆ ಬರವಣಿಗೆಯಲ್ಲಿ ಮೂರು ವಿಷಯ ತಿಳಿಸಬೇಕು. ಒಂದು, ಜಗಳ ಏನು. ಎರಡು, ಕೊನೆಗೆ ಏನಾಗಬೇಕು ಅಂತ ಬಯಸುತ್ತೀರಿ. ಮೂರು, ಅದಕ್ಕೆ ಏನು ಮಾಡಿದರೆ ಸರಿಹೋಗುತ್ತೆ. ಮೂರು ವಾರದಲ್ಲಿ ಬಗೆಹರಿಸುವ ದಾರಿ ಬಗ್ಗೆ ಒಪ್ಪಿಗೆ ಆಗದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಮೀಡಿಯೇಟರ್ ಬಳಿ ಹೋಗಬಹುದು. ಆಗ ಇನ್ನೊಬ್ಬರು ಬರಲೇಬೇಕು. ಬರೀ ಬಂದರೆ ಸಾಲದು, ರಾಜಿಗೆ ಸಹಿ ಹಾಕುವ ಅಧಿಕಾರ ಇರುವವರು ಬರಬೇಕು. 'ಹೆಡ್ ಆಫೀಸಿಗೆ ಕೇಳಿ ಹೇಳ್ತೀನಿ ಸಾರ್' ಅನ್ನೋ ಹುಡುಗನನ್ನು ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಬೇರೆ ಮಾತು ಆಗದಿದ್ದರೆ ಖರ್ಚು ಸಮಪಾಲು. ಕೋರ್ಟಿನ ಹಕ್ಕನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ.

ಎರಡನೆಯ ಪ್ರಶ್ನೆಯ ಮೇಲೆ ಕಣ್ಣಿಟ್ಟು ನೋಡಿ. ಕೊನೆಗೆ ಏನಾಗಬೇಕು? ಜಗಳದಲ್ಲಿರುವ ಮನುಷ್ಯನಿಗೆ ಇದು ಅತಿ ಕಷ್ಟದ ಪ್ರಶ್ನೆ. ಅವರು ಮಾಡಿದ ಅನ್ಯಾಯದ ಪಟ್ಟಿಯನ್ನು ಹತ್ತು ಪುಟ ಬರೆಯಬಹುದು. ನಿಮಗೆ ಬೇಕಾದದ್ದು ಏನು ಅಂದರೆ ಪೆನ್ನು ನಿಲ್ಲುತ್ತೆ. ಅಂಗಡಿ ಮುಂದುವರಿಸಬೇಕಾ? ಮಾರಿ ಹೊರಗೆ ಬರಬೇಕಾ? ಹಾಕಿದ ದುಡ್ಡು ವಾಪಸ್ ಬೇಕಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಮೀಡಿಯೇಷನ್ ಮುಗಿದ ಹಾಗೆ.

ಹಾಗಂತ ಆಸ್ಟ್ರೇಲಿಯಾದಲ್ಲಿ ಎಲ್ಲ ಸುಖಾಂತ್ಯ ಅಲ್ಲ. 2017ರ ಕೊನೆಯಲ್ಲಿ ಅಲ್ಲಿನ ಪತ್ರಿಕೆಗಳು ಕಾಫಿ, ಬೇಕರಿ, ಡೋನಟ್ ಸರಪಳಿಗಳ ಅಂಗಡಿಯವರ ಕಥೆಗಳನ್ನು ಸರಣಿಯಾಗಿ ಹೊರತಂದವು. ಮನೆ ಅಡವಿಟ್ಟು ಅಂಗಡಿ ಇಟ್ಟವರು, ವರ್ಷಗಟ್ಟಲೆ ನಷ್ಟದಲ್ಲಿ ದುಡಿದವರು. ಸಂಸತ್ತಿನ ಸಮಿತಿ 2019ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಮೀಡಿಯೇಷನ್ ಇದ್ದರೂ ಬಲದ ಅಸಮತೋಲನ ಹಾಗೇ ಉಳಿದಿದೆ ಅನ್ನುವ ದೂರು ಅದರ ಮುಂದೆ ಬಂದಿತ್ತು. ಒಂದು ಕಡೆ ವಕೀಲರ ತಂಡ, ಇನ್ನೊಂದು ಕಡೆ ಸಾಲದಲ್ಲಿರುವ ಒಬ್ಬಂಟಿ. ರಾಜಿ ಆಗದಿದ್ದರೆ ಮುಂದಿನ ಹೆಜ್ಜೆ ಕೋರ್ಟು, ಅದಕ್ಕೆ ದುಡ್ಡಿಲ್ಲ ಅಂತ ಇಬ್ಬರಿಗೂ ಗೊತ್ತು. ಆಮೇಲೆ ಗೌಪ್ಯತೆ. ಒಬ್ಬರ ಜೊತೆ ಆದ ರಾಜಿ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಒಂದೇ ಬ್ರ್ಯಾಂಡಿನ ನಲವತ್ತು ಜನಕ್ಕೆ ಒಂದೇ ತೊಂದರೆ ಇದ್ದರೂ ಒಬ್ಬೊಬ್ಬರೂ ತಪ್ಪು ತನ್ನದೇ ಅಂದುಕೊಂಡು ಕೂತಿರುತ್ತಾರೆ.

ಇದು ಗಂಭೀರ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಮುಚ್ಚಿದ ಬಾಗಿಲ ಹಿಂದಿನ ರಾಜಿ ಬಡವರ ಬಾಯಿ ಮುಚ್ಚಿಸುವ ಸಾಧನವೂ ಆಗಬಹುದು. ಆಸ್ಟ್ರೇಲಿಯಾ ಇದಕ್ಕೆ ಕಂಡುಕೊಂಡ ಉತ್ತರ ಮೀಡಿಯೇಷನ್ ಬಿಟ್ಟುಬಿಡೋದಲ್ಲ, ಅದನ್ನು ಗಟ್ಟಿ ಮಾಡೋದು. 2021ರ ತಿದ್ದುಪಡಿಯಲ್ಲಿ ಒಂದೇ ಥರದ ತೊಂದರೆ ಇರುವ ಹಲವು ಅಂಗಡಿಯವರು ಒಟ್ಟಾಗಿ ಒಂದೇ ಮೇಜಿಗೆ ಬರುವ ದಾರಿ ಮಾಡಿದರು. ಇಬ್ಬರೂ ಒಪ್ಪಿದರೆ ಆರ್ಬಿಟ್ರೇಷನ್‌ಗೂ ಅವಕಾಶ ಕೊಟ್ಟರು. ಈ ಕೆಲಸ ನೋಡಿಕೊಳ್ಳುವ ಹೊಣೆಯನ್ನು ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಒಂಬುಡ್ಸ್‌ಮನ್ ಕಚೇರಿಗೆ ವಹಿಸಿದರು. ಮೇಜು ಮಾತ್ರ ಸಾಲದು, ಎರಡೂ ಕಡೆಯ ಕುರ್ಚಿಗಳು ಒಂದೇ ಎತ್ತರದಲ್ಲಿರಬೇಕು ಅನ್ನೋದು ಅವರು ಇಪ್ಪತ್ತು ವರ್ಷದಲ್ಲಿ ಕಲಿತ ಪಾಠ.

ಈಗ ನಮ್ಮ ಮನೆಗೆ ಬರೋಣ. ಭಾರತದಲ್ಲಿ ಫ್ರ್ಯಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ದುಡ್ಡು ಹಾಕುವ ಮುಂಚೆ ಇಂತಿಂಥ ಮಾಹಿತಿ ಕೊಡಲೇಬೇಕು ಅನ್ನೋ ಅಮೆರಿಕದ ಥರದ ನಿಯಮವೂ ಇಲ್ಲ. 1872ರ ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ, ಆರ್ಬಿಟ್ರೇಷನ್ ಕಾಯ್ದೆ, ಇವುಗಳನ್ನೇ ಹೊಂದಿಸಿಕೊಂಡು ಹೋಗಬೇಕು. ಆದರೆ ಕೋರ್ಟಿಗೆ ಮುಂಚಿನ ಮೆಟ್ಟಿಲನ್ನು ನಾವೂ ನಿಧಾನವಾಗಿ ಕಟ್ಟಿದ್ದೇವೆ. ಕೋರ್ಟಿನಲ್ಲಿರುವ ಸಿವಿಲ್ ಕೇಸನ್ನು ರಾಜಿಗೆ ಕಳಿಸಬಹುದು ಅನ್ನೋ 89ನೇ ಸೆಕ್ಷನ್ 2002ರಲ್ಲಿ ಜಾರಿಗೆ ಬಂತು. 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮೀಡಿಯೇಷನ್ ಸೆಂಟರ್ ಶುರುವಾಯಿತು. ಆದರೆ ಇವೆಲ್ಲ ಕೇಸು ಹಾಕಿದ ಮೇಲಿನ ಮಾತು. ಕೇಸು ಹಾಕೋ ಹೊತ್ತಿಗೆ ಮನಸ್ಸು ಕೆಟ್ಟಿರುತ್ತೆ, ವಕೀಲರ ನೋಟಿಸಿನಲ್ಲಿ ಆಡಬಾರದ ಮಾತು ಆಡಿ ಆಗಿರುತ್ತೆ.

ನಿಜವಾದ ಬದಲಾವಣೆ ಬಂದದ್ದು 2018ರಲ್ಲಿ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, ವಾಣಿಜ್ಯ ವ್ಯಾಜ್ಯ ಅಂದರೆ ಯಾವುದು ಅಂತ ಪಟ್ಟಿ ಮಾಡುವಾಗಲೇ ಫ್ರ್ಯಾಂಚೈಸಿ ಒಪ್ಪಂದಗಳ ಹೆಸರು ಹೇಳಿತ್ತು. 2018ರ ತಿದ್ದುಪಡಿ ಎರಡು ಕೆಲಸ ಮಾಡಿತು. ಒಂದು ಕೋಟಿ ಇದ್ದ ಕನಿಷ್ಠ ಮೊತ್ತವನ್ನು 3 ಲಕ್ಷಕ್ಕೆ ಇಳಿಸಿತು, ಅಂದರೆ ಸಣ್ಣ ಚಹಾ ಕಿಯೋಸ್ಕಿನ ಜಗಳವೂ ಇದರೊಳಗೆ ಬರಬಹುದು. ಜೊತೆಗೆ 12ಎ ಅನ್ನುವ ಸೆಕ್ಷನ್ ಸೇರಿಸಿ, ತುರ್ತು ಪರಿಹಾರ ಬೇಕಾದ ಕೇಸು ಬಿಟ್ಟು ಉಳಿದವರು ದಾವೆ ಹೂಡುವ ಮುಂಚೆ ಮೀಡಿಯೇಷನ್ ಮೆಟ್ಟಿಲು ಹತ್ತಬೇಕು ಅಂದಿತು. ಇದು ಬರೀ ಶಾಸ್ತ್ರಕ್ಕಾ, ನಿಜಕ್ಕೂ ಕಡ್ಡಾಯವಾ ಅಂತ ಹೈಕೋರ್ಟುಗಳು ಬೇರೆ ಬೇರೆ ಹೇಳಿದವು. 2022ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಗೊಂದಲ ಮುಗಿಸಿತು: ಕಡ್ಡಾಯ, ಮೀಡಿಯೇಷನ್ ಮಾಡದೆ ತಂದ ದಾವೆಯನ್ನು ತಿರಸ್ಕರಿಸಬೇಕು.

ವ್ಯವಸ್ಥೆ ಹೀಗಿದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಮೂರು ತಿಂಗಳ ಅವಧಿ, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಆ ಸಮಯ ಕೇಸಿನ ಕಾಲಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 2018ರ ನಿಯಮಗಳ ಪ್ರಕಾರ ಮೀಡಿಯೇಷನ್ ಶುಲ್ಕ 10 ಲಕ್ಷದವರೆಗಿನ ಜಗಳಕ್ಕೆ 15 ಸಾವಿರ, 3 ಕೋಟಿ ಮೇಲಿದ್ದರೆ 75 ಸಾವಿರ, ಅದೂ ಇಬ್ಬರಿಗೂ ಸಮಪಾಲು. ರಾಜಿ ಆದರೆ ಅದಕ್ಕೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬೆಲೆ, ಆಮೇಲೆ ಕೈಕೊಟ್ಟರೆ ನೇರ ಜಾರಿ ಮಾಡಿಸಬಹುದು.

ಕೊರತೆ ಇಲ್ಲವಾ? ಇದೆ. ಎದುರಿನವರು ಬರದೇ ಹೋದರೆ 'ಶುರುವಾಗಲಿಲ್ಲ' ಅಂತ ಒಂದು ವರದಿ ಬರೆದು ಕೈಗೆ ಕೊಡುತ್ತಾರೆ, ನೀವು ಕೋರ್ಟಿಗೆ ಹೋಗಬೇಕು. ಅರ್ಜಿದಾರರಿಗೆ ಕಡ್ಡಾಯ, ಎದುರಿನವರಿಗೆ ಇಷ್ಟ ಬಂದರೆ. ತುರ್ತು ಅನ್ನೋ ಕಿಂಡಿಯೂ ಒಂದು ಕಡೆಗೇ ವಾಲುತ್ತೆ. 'ನಮ್ಮ ಹೆಸರು ಬಳಸೋದನ್ನು ಇವತ್ತೇ ನಿಲ್ಲಿಸಿ' ಅನ್ನೋ ಬ್ರ್ಯಾಂಡಿನವರ ಕೇಸು ಸಹಜವಾಗಿಯೇ ತುರ್ತಿನದು, ನೇರ ಕೋರ್ಟಿಗೆ ಹೋಗುತ್ತೆ. 'ನನ್ನ ಡಿಪಾಸಿಟ್ ವಾಪಸ್ ಕೊಡಿ' ಅನ್ನೋ ಅಂಗಡಿಯವರದು ತುರ್ತಲ್ಲ. ತುರ್ತಿನ ವೇಷ ಹಾಕಿ ಬಂದ ಕೇಸನ್ನು ಗುರುತಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೆ ದಾರಿ ಬೇರೆ. ಮೆಕ್‌ಡೊನಾಲ್ಡ್ಸ್ ಪ್ರಕರಣದಂತೆ ಕಂಪನಿ ಕಾನೂನಿನ ಅರ್ಜಿಯಾದರೆ ಅದಕ್ಕೂ 12ಎ ತಟ್ಟುವುದಿಲ್ಲ.

ಹಾಗಾಗಿ ನಮ್ಮಲ್ಲಿ ಈ ಮೆಟ್ಟಿಲಿನ ಬಹುಭಾಗ ಇನ್ನೂ ಒಪ್ಪಂದದಲ್ಲೇ ಕಟ್ಟಿಕೊಳ್ಳಬೇಕು. ಐಟಿ ಕೆಲಸ ಬಿಟ್ಟು ಒಂದು ಕೆಫೆ ಫ್ರ್ಯಾಂಚೈಸಿ ತಗೋಳೋಣ ಅಂತ ಯೋಚಿಸುವವರು ನನ್ನ ಸುತ್ತ ಬೇಕಾದಷ್ಟಿದ್ದಾರೆ. ಪ್ರಾಜೆಕ್ಟ್ ಶೀಟು, ಬ್ರೇಕ್ ಈವನ್ ಎಲ್ಲ ಎಕ್ಸೆಲ್‌ನಲ್ಲಿ ರೆಡಿ ಇರುತ್ತೆ. ಅವರಿಗೆ ನಾನು ಹೇಳೋದು ಒಂದೇ: ಒಪ್ಪಂದದ ಕೊನೆಯ ಪುಟಗಳಿಂದ ಓದಿ. ಜಗಳ ಬಂದರೆ ಯಾವ ಊರಲ್ಲಿ, ಯಾರ ಮುಂದೆ? ಅದಕ್ಕೂ ಮುಂಚೆ ಮಾತುಕತೆಗೆ ಎಷ್ಟು ದಿನ? ಆ ದಿನಗಳಲ್ಲಿ ಸಾಮಾನು ಸರಬರಾಜು ನಿಲ್ಲಿಸಬಾರದು, ಅಂಗಡಿಯವರು ರಾಯಲ್ಟಿ ನಿಲ್ಲಿಸಬಾರದು ಅಂತ ಬರೆದಿದೆಯಾ? ಮಾತಿಗೆ ಬರುವವರಿಗೆ ಸಹಿ ಹಾಕುವ ಅಧಿಕಾರ ಇರುತ್ತದಾ? ಇವೆಲ್ಲ ಇಲ್ಲದಿದ್ದರೆ ಸೇರಿಸಿ ಅಂತ ಕೇಳಿ. ಕೇಳಿದಾಗ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಅನ್ನೋದೇ ನಿಮಗೆ ಮುಂದಿನ ಹತ್ತು ವರ್ಷದ ಬಗ್ಗೆ ಬಹಳಷ್ಟು ಹೇಳುತ್ತೆ.

ಇನ್ನು ಈಗಾಗಲೇ ಅಂಗಡಿ ಇಟ್ಟು ಬ್ರ್ಯಾಂಡಿನವರ ಜೊತೆ ಮುನಿಸು ಶುರುವಾಗಿರುವವರಿಗೆ ಆಸ್ಟ್ರೇಲಿಯಾದ ಕಾನೂನು ಇಲ್ಲಿ ಅನ್ವಯಿಸದಿದ್ದರೂ ಅದರ ಮೂರು ಪ್ರಶ್ನೆಗಳನ್ನು ಎರವಲು ತರೋಕೆ ಯಾರ ಅಪ್ಪಣೆಯೂ ಬೇಡ. ವಕೀಲರ ನೋಟಿಸು ಕಳಿಸುವ ಮುಂಚೆ ಒಂದು ಪುಟದ ಪತ್ರ ಬರೆಯಿರಿ. ತೊಂದರೆ ಇದು, ನನಗೆ ಬೇಕಾದದ್ದು ಇದು, ಹೀಗೆ ಮಾಡಿದರೆ ಸರಿಹೋಗುತ್ತೆ, ಮೂರು ವಾರದೊಳಗೆ ಸಿಗೋಣ. ಅಂಗಡಿಯ ಶಟರ್ ಇನ್ನೂ ಮೇಲಿರುವಾಗಲೇ ಇದನ್ನು ಕಳಿಸಿ.